ಗೇಟಿನ ಬೋರ್ಡಿನಲ್ಲಿ ನನ್ನ ಹೆಸರು

ಪುಣೆಯಲ್ಲಿ ಸ್ಪ್ರಿಂಗ್ ಮಾಡುವವರು ಸಾವಿರ ಜನ ಇರಬಹುದು. ಆದರೆ ಸ್ಪ್ರಿಂಗ್ ಅಂದರೆ ಸಂಕಪ್ಪ, ಸಂಕಪ್ಪ ಅಂದರೆ ಸ್ಪ್ರಿಂಗ್. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತದೆ. ಊರಿಗೆ ನಾನು ಹೇಳಿಕೊಟ್ಟಿದ್ದೇನೆ, ಅಷ್ಟೆ. ಕಾತ್ರಜದಿಂದ ಹುಬ್ಬಳ್ಳಿಗೆ ಹೊರಡುವ ಬಸ್ಸುಗಳಲ್ಲಿ ಜನ ನಿದ್ದೆ ಹೋಗುವುದು ನನ್ನ ಸ್ಪ್ರಿಂಗಿನ ಮೇಲೆ. ವಿಮಾನ ನಗರದ ಮೇಲೆ ತಗ್ಗಿ ಹಾರುವ ವಿಮಾನಗಳ ಹೊಟ್ಟೆಯಲ್ಲೂ ನನ್ನ ಸ್ಪ್ರಿಂಗ್ ಇವೆ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ, ಇದುವರೆಗೆ ಯಾವ ಪೈಲಟ್ಟೂ ಬಂದು ಇಲ್ಲ ಎಂದಿಲ್ಲ. ನಿಗಡಿಯ ಹಿಂಬದಿಯಲ್ಲಿರುವ ನಮ್ಮ ವರ್ಕ್‌ಶಾಪಿನಿಂದ ನಿಜವಾಗಿ ಹೋಗುವುದು ಬೆಳೆಗೆ ಔಷಧಿ ಹೊಡೆಯುವ ಪಂಪಿನ ಸ್ಪ್ರಿಂಗ್. ಅದೂ ಹಾರುತ್ತದೆ, ಕೈ ಜಾರಿದರೆ.

ಇಂಥ ನನ್ನನ್ನು, ಎರಡೂ ಕೈಗಳಲ್ಲಿ ಸೇರಿ ಏಳು ಉಂಗುರ ಹಾಕುವ ನನ್ನನ್ನು, ಒಬ್ಬ ಇಡ್ಲಿ ಬೇಯಿಸುವವನು ಸೋಲಿಸಿದ ಕಥೆ ಇದು. ಅವನೊಬ್ಬನೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಶುರುವಾಗಿದ್ದು ನಿಗಡಿಯ ನಮ್ಮ ಕನ್ನಡ ಶಾಲೆಯಿಂದ. ಪಿಂಪ್ರಿ-ಚಿಂಚವಾಡದ ಏಳು ಶಾಲೆಗಳು, ಸುತ್ತಲಿನ ನಲವತ್ತು ಮಂದಿ ಉದ್ಯಮದಾರರು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಂಬತ್ತನೇ ತರಗತಿಯ ಮಕ್ಕಳು ಹನ್ನೆರಡು ಶನಿವಾರ ನಮ್ಮ ನಮ್ಮ ಕೆಲಸದ ಜಾಗಕ್ಕೆ ಬಂದು ಕಲಿಯಬೇಕು. ಕೊನೆಯ ಶನಿವಾರ ಪರೀಕ್ಷೆ. ಒಬ್ಬ ಉದ್ಯಮದಾರನ ಹತ್ತಿರ ಕಲಿತವರಲ್ಲಿ ಒಂದು ಮಗುವಾದರೂ ಪಾಸಾದರೆ ಶಾಲೆಯ ಗೇಟಿನ ಹಸಿರು ಬೋರ್ಡಿನ ಮೇಲೆ ಕಲಿಸಿದವರ ಹೆಸರು ಬರೆಸುತ್ತಾರೆ. ಯಾರೂ ಪಾಸಾಗದಿದ್ದರೆ ಹೆಸರೂ ಇಲ್ಲ, ಮುಂದಿನ ವರ್ಷ ಕರೆಯೂ ಇಲ್ಲ.

ಆ ಬೋರ್ಡಿನ ಮುಂದೆ ದಿನಾ ಸಾವಿರ ಜನ ಓಡಾಡುತ್ತಾರೆ. ನಾನಂತೂ ಪೇಂಟರನ ಹತ್ತಿರ ಹೋಗಿ ಅಕ್ಷರದ ಅಳತೆ ಕೂಡ ಹೇಳಿ ಬಂದಿದ್ದೆ. ಬನಹಟ್ಟಿಯಲ್ಲಿರುವ ನನ್ನ ಅಣ್ಣನಿಗೆ ಫೋನ್ ಮಾಡಿ, "ಪುಣೆದಾಗ ನನ್ನ ಹೆಸರಿಂದ ಒಂದು ಸಾಲಿ ಆಗೇತಿ" ಎಂದಿದ್ದೆ. ಸ್ವಲ್ಪ ಹೆಚ್ಚಾಗಿತ್ತು, ಆದರೆ ದಿಕ್ಕು ಸರಿಯಾಗಿತ್ತು.

ಮೊದಲ ದಿನ ಶಾಲೆಯ ಹಾಲಿನಲ್ಲಿ ನಮಗೆಲ್ಲ ಒಂದೊಂದು ಮೇಜು ಕೊಟ್ಟರು. ಮಕ್ಕಳು ತಮಗೆ ಬೇಕಾದವರ ಮೇಜಿನ ಮುಂದೆ ಸಾಲು ನಿಲ್ಲಬೇಕು. ಮುಖ್ಯೋಪಾಧ್ಯಾಯಿನಿ ನೀತಾ ಮೇಡಮ್ಮು ನನಗೆ ಕೊಟ್ಟ ಮೇಜು ಮೋಹನದಾಸನ ಮೇಜಿನ ಪಕ್ಕದ್ದು. ಮೋಹನದಾಸ ಅಂದರೆ ಉಡುಪಿ ಕಡೆಯವನು, ಮುಖ್ಯ ರಸ್ತೆಯಲ್ಲಿ ಹೋಟೆಲ್ ಇಟ್ಟವನು. ದಿನವಿಡೀ ಸಾಂಬಾರಿನ ಮಧ್ಯೆ ಓಡಾಡಿದರೂ ಅವನ ಬಿಳಿ ಅಂಗಿಯ ಮೇಲೆ ಒಂದು ಹನಿ ಹಳದಿ ಬೀಳುವುದಿಲ್ಲ. ನನ್ನ ಅಂಗಿಗೆ ಮನೆಯಿಂದ ಹೊರಡುವ ಮೊದಲೇ ಎಣ್ಣೆ ಹತ್ತಿರುತ್ತದೆ. ಆ ಮನುಷ್ಯನನ್ನು ದ್ವೇಷಿಸಲು ಬೇರೆ ಕಾರಣ ಹುಡುಕುವ ಕಷ್ಟವನ್ನು ನಾನು ತೆಗೆದುಕೊಂಡಿಲ್ಲ.

ನಾನು ಎದ್ದು ನಿಂತು ಒಂದು ಗಂಟೆ ಮಾತಾಡಿದೆ. ಕೊಟ್ಟಿದ್ದು ಐದು ನಿಮಿಷ. "ಕಣ್ಣು ಮುಚ್ಚಿ ಹೆಬ್ಬೆರಳಲೆ ಒತ್ತಿದರ ಸಾಕು, ಸ್ಪ್ರಿಂಗಿನ ಜಾತಕ ಹೇಳತೀನಿ!" ಎಂದೆ. ಮೋಹನದಾಸ ಎದ್ದು, "ನಮ್ಮಲ್ಲಿ ಕೆಲಸ ತುಂಬ ಉಂಟು ಮಕ್ಕಳೇ, ನಿಂತೇ ಮಾಡಬೇಕು, ಕಾಲು ನೋಯ್ತದೆ" ಎಂದು ಕೂತುಬಿಟ್ಟ. ಅಷ್ಟೇ. ಅವನ ಸಾಲು ಬಾಗಿಲು ದಾಟಿ, ಮೆಟ್ಟಿಲು ಇಳಿದು, ನನ್ನ ಲೆಕ್ಕದಲ್ಲಿ ಹೆಚ್ಚುಕಡಿಮೆ ಆಕುರ್ಡಿ ಸ್ಟೇಷನ್ನಿನವರೆಗೆ ಹೋಯಿತು. ನನ್ನ ಮುಂದೆ ನಿಂತವರು ಇಬ್ಬರು. ಒಬ್ಬ ಹುಡುಗ ನಿಂತಿದ್ದು ಫ್ಯಾನ್ ನನ್ನ ಮೇಜಿನ ಮೇಲಿತ್ತು ಎಂಬ ಕಾರಣಕ್ಕೆ. ಇನ್ನೊಬ್ಬಳು ಕನ್ನಡಕದ ಹುಡುಗಿ. ನಾನು ತೋರಿಸಲು ತಂದಿದ್ದ ಒಂದು ಸ್ಪ್ರಿಂಗನ್ನು ಎತ್ತಿಕೊಂಡು ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು.

"ಹೆಸರೇನು ಮಗಾ?"

"ಯಶ್ಮಿತಾ ಮೋಹನದಾಸ್."

ಅವನದೇ ಮಗಳು! ಅಷ್ಟು ದೊಡ್ಡ ಹೋಟೆಲ್ ಬಿಟ್ಟು ನನ್ನ ಸಾಲಿಗೆ ಯಾಕೆ ಬಂದಳು? ಬುದ್ಧಿವಂತನಿಗೆ ಉತ್ತರ ಹುಡುಕಲು ಒಂದು ಕ್ಷಣ ಸಾಕು: ಗೂಢಚಾರಿಣಿ.

ಮನೆಗೆ ಬಂದು ಹೆಂಡತಿ ರುದ್ರವ್ವನಿಗೆ ಹೇಳಿದೆ. ಅವಳು ಗಿರಮಿಟ್ ಕಲಸಲು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದಳು.

"ಅಲ್ರೀ, ನಿಮ್ಮ ಸ್ಪ್ರಿಂಗಿನ ಗುಟ್ಟು ತಗೊಂಡು ಅವರೇನು ಇಡ್ಲಿಯೊಳಗ ಹಾಕತಾರೇನು?"

"ನಿನಗ ತಿಳಿಯಂಗಿಲ್ಲ. ಇವತ್ತ ಸ್ಪ್ರಿಂಗು, ನಾಳೆ ಸಾಲಿ, ನಾಡಿದ್ದು ನಿಗಡಿನೇ ಅವಂದು."

"ನಿಗಡಿ ಇರಲಿ, ಮೊದಲ ಈ ಗಿರಮಿಟ್ ತಿನ್ನರಿ."

ತಿಂದೆ. ಹೊಟ್ಟೆಯ ಉರಿ ಇಳಿಯಲಿಲ್ಲ, ಆದರೆ ತಲೆ ಓಡತೊಡಗಿತು.

ಮೊದಲ ಶನಿವಾರ ವರ್ಕ್‌ಶಾಪಿಗೆ ಇಬ್ಬರೂ ಬಂದರು. ಗೂಢಚಾರಿಣಿಯನ್ನು ನಾನು ಕಚೇರಿಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೈಯೆತ್ತಿ ತೋರಿಸಿ "ಹಿಂದ ಹೋಗು" ಎಂದೆ. ಹಿಂದೆ ಭಟ್ಟಿಯ ಹತ್ತಿರ ಚನ್ನವೀರ ಇರುತ್ತಾನೆ. ನನ್ನ ಅಪ್ಪನ ಕಾಲದಿಂದ ಇರುವ ಕೆಲಸಗಾರ. ದಿನಕ್ಕೆ ನಾಲ್ಕು ಮಾತಾಡುತ್ತಾನೆ, ಅದರಲ್ಲಿ ಎರಡು "ಹೂಂ". ಅವನ ಹತ್ತಿರ ಕೂರಿಸಿದರೆ ಒಂದು ಗುಟ್ಟೂ ಹೊರಬೀಳುವುದಿಲ್ಲ ಎಂಬುದು ನನ್ನ ಉಪಾಯ. ಇಂಥ ಉಪಾಯ ಪೇಶ್ವೆಯರಿಗೂ ಹೊಳೆಯುತ್ತಿರಲಿಲ್ಲ.

ಅಲ್ಲಿಂದ ನಾನು ನೇರ ಮೋಹನದಾಸನ ಹೋಟೆಲಿಗೆ ಹೋದೆ. ಶತ್ರುವಿನ ಬಲ ನೋಡಬೇಕಲ್ಲ. ಮೂಲೆಯ ಮೇಜಿನಲ್ಲಿ ಕೂತು ಕಾಫಿ ಹೇಳಿದೆ. ಇಪ್ಪತ್ತು ಮಕ್ಕಳು ತಲೆಗೆ ಬಿಳಿ ಟೋಪಿ ಹಾಕಿಕೊಂಡು ಗೋಡೆಗೆ ನಿಂತಿದ್ದರು. ಒಂದು ಹುಡುಗಿ ಹೋಗಿ ಹನ್ನೊಂದು ಜನ ಕೂತ ಮೇಜಿನಿಂದ ಆರ್ಡರ್ ತೆಗೆದುಕೊಂಡಳು. ಕಾಗದವಿಲ್ಲ, ಪೆನ್ನಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಹನ್ನೊಂದನ್ನೂ ಹೇಳಿದಳು. ಯಾರಿಗೆ ಚಟ್ನಿ ಬೇಡ, ಯಾರ ಕಾಫಿಗೆ ಸಕ್ಕರೆ ಬೇಡ, ಎಲ್ಲ. ಉಳಿದ ಮಕ್ಕಳು ಚಪ್ಪಾಳೆ ತಟ್ಟಿದರು. ಮೋಹನದಾಸ ಬರೀ ತಲೆದೂಗಿದ. ಆ ತಲೆದೂಗುವಿಕೆಗೆ ಹುಡುಗಿಯ ಮುಖ ಹೇಗೆ ಅರಳಿತು ಅಂದರೆ, ನನ್ನ ಜನ್ಮದಲ್ಲಿ ಯಾರೂ ನನ್ನ ಮಾತಿಗೆ ಹಾಗೆ ಅರಳಿದ್ದಿಲ್ಲ.

ಅವನು ನನ್ನ ಮೇಜಿಗೆ ಬಂದ. "ಎಂತ ಸಂಕಪ್ಪಣ್ಣ, ಅಪರೂಪ! ನಮ್ಮ ಹುಡುಗಿ ಹೇಗೆ? ಕಲಿತಾಳಾ?"

"ಭಾಳ ಚುರುಕು ಅದಾಳ್ರಿ," ಎಂದೆ. ಮನಸ್ಸಿನಲ್ಲಿ, ಕಲಿಸಿ ಕಳಿಸಿದವನೇ ಕೇಳುತ್ತಾನೆ ನೋಡು ಎಂದುಕೊಂಡೆ. "ಮಕ್ಕಳಿಗೆ ತಿನ್ನಾಕ ಏನು ಕೊಡತೀರಿ?"

"ತಿನ್ನಲಿಕ್ಕಾ? ಕೆಲಸದ ಹೊತ್ತಿಗೆ ಎಂತದ್ದೂ ಇಲ್ಲ ಮಾರಾಯ್ರೆ. ತಿನ್ನುವ ಬಾಯಿಗೆ ಆರ್ಡರ್ ನೆನಪಿರುವುದಿಲ್ಲ."

ಕಾಫಿ ಬಹಳ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಆದರೆ ದಾರಿ ಸಿಕ್ಕಿತ್ತು. ಮೂರನೇ ಶನಿವಾರದವರೆಗೆ ಮಕ್ಕಳು ಸಾಲು ಬದಲಿಸಬಹುದು ಎಂಬ ನಿಯಮವಿತ್ತು. ಹೋಟೆಲಿನಲ್ಲಿ ತಿನ್ನಲು ಕೊಡುವುದಿಲ್ಲವೇ? ವರ್ಕ್‌ಶಾಪಿನಲ್ಲಿ ಕೊಡೋಣ.

ಮುಂದಿನ ಶನಿವಾರ ರುದ್ರವ್ವ ದೊಡ್ಡ ಬುಟ್ಟಿ ತುಂಬ ಗಿರಮಿಟ್ ಕಲಸಿ ತಂದಳು. ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಫ್ಯಾನಿನ ಹುಡುಗ ಮೂರು ತಟ್ಟೆ ತಿಂದು ಶಾಲೆಯಲ್ಲಿ ಸುದ್ದಿ ಹಬ್ಬಿಸಿದ. ಮೂರನೇ ಶನಿವಾರ ನನ್ನ ಬಾಗಿಲಲ್ಲಿ ಹದಿನಾರು ಮಕ್ಕಳು! ಅದರಲ್ಲಿ ಒಂಬತ್ತು ಮೋಹನದಾಸನ ಸಾಲಿನವರು. ಅವತ್ತು ನಾನು ನೆಲದ ಮೇಲೆ ನಡೆಯಲೇ ಇಲ್ಲ. ನೀತಾ ಮೇಡಮ್ಮಿಗೆ ಫೋನ್ ಮಾಡಿ, "ಮಕ್ಕಳಿಗೆ ಸ್ಪ್ರಿಂಗಿನ ಮ್ಯಾಲ ಏನು ಪ್ರೀತಿ ಅಂತೀರಿ ಮೇಡಮ್ಮಾರ, ಮನಿಗೆ ಹೋಗ್ರೋ ಅಂದರೂ ಹೋಗಂಗಿಲ್ಲ" ಎಂದೆ.

ರಸ್ತೆಯಲ್ಲಿ ಸಿಕ್ಕ ಮೋಹನದಾಸ ನಕ್ಕ. "ನೀವು ಹೋಟೆಲ್ ಶುರು ಮಾಡಿದ್ದಂತೆ?"

"ನೀವು ಸ್ಪ್ರಿಂಗ್ ಕಲಿಯಾಕ ಮಗಳನ್ನ ಕಳಿಸೀರಲ್ಲ, ಹಂಗ."

ಅವನ ನಗು ಒಂದು ಕ್ಷಣ ನಿಂತಿತು. "ನಾನು ಕಳಿಸಲಿಲ್ಲ," ಎಂದ. ನಾನು ನಂಬಲಿಲ್ಲ. ಗೂಢಚಾರರನ್ನು ಕಳಿಸಿದವರು ಯಾರು ತಾನೇ ಒಪ್ಪಿಕೊಂಡಿದ್ದಾರೆ?

ಹೀಗೆ ವಾರಗಳು ಹೋದವು. ಮುಂದೆ ಹದಿನೈದು ಮಕ್ಕಳು ತಟ್ಟೆ ಹಿಡಿದು ಕೂತು ನನ್ನ ಪರಾಕ್ರಮದ ಕಥೆ ಕೇಳುತ್ತಿದ್ದರು. ಸ್ಪ್ರಿಂಗ್ ಹೇಗೆ ಮಾಡುವುದು ಎಂದು ಹೇಳಬೇಕೆಂದು ಪ್ರತಿ ಶನಿವಾರ ಅಂದುಕೊಳ್ಳುತ್ತಿದ್ದೆ. ಆದರೆ ಕಥೆ ಅರ್ಧಕ್ಕೆ ನಿಲ್ಲಿಸುವುದು ನನ್ನ ಸ್ವಭಾವವಲ್ಲ. ಇನ್ನೊಂದು ವಿಷಯವೂ ಇತ್ತು. ನನ್ನ ಅಪ್ಪ ತಂತಿ ಸುತ್ತುತ್ತಿದ್ದ, ಚನ್ನವೀರ ಸುತ್ತುತ್ತಾನೆ. ನಾನು ಗಿರಾಕಿಗಳ ಹತ್ತಿರ ಮಾತಾಡುತ್ತೇನೆ. ಉಂಗುರದ ಕೈಗೆ ತಂತಿ ಹಿಡಿಸುವುದಿಲ್ಲ. ಇದನ್ನು ಮಕ್ಕಳಿಗೆ ಹೇಳುವ ಅಗತ್ಯ ಕಂಡುಬರಲಿಲ್ಲ.

ಹಿಂದಿನಿಂದ ಆಗಾಗ ಸದ್ದು ಕೇಳುತ್ತಿತ್ತು. ಸಲಾಕೆಯ ಮೇಲೆ ತಂತಿ ಬಿಗಿದು ಸುತ್ತುವ ಕಿರ್ ಸದ್ದು, ಆಮೇಲೆ ಇಕ್ಕಳದಂತೆ ಹಿಡಿದು ಬಿಗಿಯುವ ವೈಸ್ ತಿರುಗಿಸುವ ಸದ್ದು. ಒಂದು ಸಲ ಇಣುಕಿ ನೋಡಿದೆ. ಚನ್ನವೀರ ಸ್ಟೂಲಿನ ಮೇಲೆ, ಆ ಹುಡುಗಿ ಪಕ್ಕದ ಸ್ಟೂಲಿನ ಮೇಲೆ. ಇಬ್ಬರ ನಡುವೆ ಮಾತಿಲ್ಲ. ಅವನು ಒಂದು ಸ್ಪ್ರಿಂಗ್ ಅವಳ ಕೈಗೆ ಕೊಡುತ್ತಾನೆ, ಅವಳು ನೋಡಿ ಕೆಟ್ಟದ್ದನ್ನು ಎಡಕ್ಕೆ, ಒಳ್ಳೆಯದನ್ನು ಬಲಕ್ಕೆ ಇಡುತ್ತಾಳೆ, ಅವನು "ಹೂಂ" ಎನ್ನುತ್ತಾನೆ. ಒಂದು ಗುಟ್ಟೂ ಹೊರಬೀಳುತ್ತಿಲ್ಲ ಎಂದು ನೆಮ್ಮದಿಯಿಂದ ವಾಪಸ್ಸು ಬಂದೆ.

ಹನ್ನೆರಡನೇ ಶನಿವಾರ ಪರೀಕ್ಷಕರು ಬಂದರು. ದಿಗಂಬರ ಎಂದು ಹೆಸರು, ದೊಡ್ಡ ಕಾರ್ಖಾನೆಯೊಂದರಲ್ಲಿ ಫೋರ್ಮನ್ ಆಗಿ ನಿವೃತ್ತರಾದ ಮರಾಠಿ ಮನುಷ್ಯ. ಜೊತೆಗೆ ನೀತಾ ಮೇಡಮ್ಮು. ದಿಗಂಬರ ಸಾಹೇಬರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಿಂದಿ ಮರಾಠಿ ಕಲಸಿ ಕೇಳಿದರು, "ಸ್ಪ್ರಿಂಗ್ ಮಾಡುವಾಗ ಮೊದಲು ಏನು ನೋಡಬೇಕು?"

ಫ್ಯಾನಿನ ಹುಡುಗ ಕೈಯೆತ್ತಿದ. "ಮಂಡಕ್ಕಿ ಗರಿಗರಿ ಅದಾವೋ ಇಲ್ಲೋ ನೋಡಬೇಕು."

"ಆಮೇಲೆ?"

"ಆಮ್ಯಾಲ ಒಗ್ಗರಣಿ ಆರೂತನಕ ಕಾಯಬೇಕು," ಎಂದಳು ಇನ್ನೊಬ್ಬಳು. "ಬಿಸಿ ಇದ್ದಾಗ ಹಾಕಿದರ ಮೆತ್ತಗ ಆಗತಾವ. ರುದ್ರವ್ವ ಕಾಕು ಹೇಳ್ಯಾರ."

ನೀತಾ ಮೇಡಮ್ಮು ಬಾಯಿಗೆ ಸೆರಗು ಹಿಡಿದರು. ಬಾಗಿಲಲ್ಲಿ ನಿಂತಿದ್ದ ರುದ್ರವ್ವ ಮಾತ್ರ, ಮಕ್ಕಳು ಸರಿಯಾಗಿ ಹೇಳಿದರು ಎಂಬಂತೆ ತಲೆಯಾಡಿಸಿದಳು. ನನ್ನ ಹೆಸರಿನ ಅಕ್ಷರಗಳು ಬೋರ್ಡಿನಿಂದ ಒಂದೊಂದಾಗಿ ಉದುರುವುದು ನನಗೆ ಕಣ್ಣಾರೆ ಕಾಣಿಸಿತು.

ದಿಗಂಬರ ಸಾಹೇಬರು ಚೀಲದಿಂದ ಹತ್ತು ಸ್ಪ್ರಿಂಗ್ ತೆಗೆದು ಮೇಜಿನ ಮೇಲೆ ಇಟ್ಟರು. ಎಲ್ಲ ಒಂದೇ ಅಳತೆ, ಎಲ್ಲಕ್ಕೂ ಕಪ್ಪು ಎಣ್ಣೆ ಸವರಿದ್ದರು. "ಇದರಲ್ಲಿ ಒಂದು ಭಟ್ಟಿಗೆ ಹೋಗಿಲ್ಲ, ಹಸಿಯದು. ಅದನ್ನು ಯಾರು ಹುಡುಕಿದರೂ ಪಾಸು." ಹದಿನೈದು ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದು, ಕೈಗೆ ಬಂದದ್ದನ್ನು ಎತ್ತಿ ಕೊಟ್ಟರು. ಹದಿನೈದೂ ತಪ್ಪು.

ನನಗೆ ತಡೆಯಲಾಗಲಿಲ್ಲ. "ಸಾಹೇಬರ, ಮಕ್ಕಳು ನಿಮ್ಮನ್ನ ನೋಡಿ ಅಂಜ್ಯಾರ. ಕಣ್ಣು ಮುಚ್ಚಿ ಹೇಳೂ ವಿದ್ಯಾ ಇದು. ನಾನ ಕಲಿಸೇನಿ, ನೋಡರಿ."

"ಹಾಗಾದರೆ ನೀವೇ ಹುಡುಕಿ ಶೇಟ್," ಎಂದರು ಅವರು. ಮುಖದಲ್ಲಿ ನಗು ಇರಲಿಲ್ಲ.

ಹದಿನೈದು ಮಕ್ಕಳು, ಹೆಂಡತಿ, ಮುಖ್ಯೋಪಾಧ್ಯಾಯಿನಿ, ಎಲ್ಲರ ಮುಂದೆ ಕಣ್ಣು ಮುಚ್ಚಿದೆ. ಹೆಬ್ಬೆರಳಿನಿಂದ ಒತ್ತಿದೆ. ಕಿವಿಯ ಹತ್ತಿರ ಹಿಡಿದು ಉಗುರಿನಿಂದ ಮೀಟಿದೆ. ಸತ್ಯ ಹೇಳಬೇಕೆಂದರೆ ಹತ್ತೂ ಒಂದೇ ಥರ ಇದ್ದವು. ಏಳನೆಯದನ್ನು ಎತ್ತಿ, "ಇದ! ಇದರ ದನಿಯೊಳಗ ಹಸಿ ಅದ!" ಎಂದೆ.

"ಅದಲ್ಲ ಅಂಕಲ್."

ಹಿಂದಿನಿಂದ ಯಶ್ಮಿತಾ ಬಂದು ನಿಂತಿದ್ದಳು. ಇವಳೊಬ್ಬಳಿದ್ದಾಳೆ ಎಂಬುದನ್ನೇ ನಾನು ಮರೆತಿದ್ದೆ. ಕೈಯಲ್ಲಿ ಒಂದು ಚಿಂದಿ ಬಟ್ಟೆ. ಹತ್ತನ್ನೂ ಹಿಂದಕ್ಕೆ ತೆಗೆದುಕೊಂಡು ಹೋದಳು, ನಾವೆಲ್ಲ ಹಿಂದೆ ಹೋದೆವು. ಒಂದೊಂದನ್ನೇ ವೈಸಿನಲ್ಲಿ ಇಟ್ಟು ಸುತ್ತುಗಳು ಒಂದಕ್ಕೊಂದು ಅಂಟುವವರೆಗೆ ಬಿಗಿದಳು, ಬಿಟ್ಟಳು. ಮೂರು ಸಲ. ಅವಸರವಿಲ್ಲ. ಹತ್ತೂ ಆದ ಮೇಲೆ ಸಮತಟ್ಟಾದ ಕಬ್ಬಿಣದ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಅವುಗಳ ತಲೆಯ ಮೇಲೆ ಒಂದು ಉಕ್ಕಿನ ಪಟ್ಟಿ ಮಲಗಿಸಿದಳು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

ಒಂದರ ತಲೆ ಮತ್ತು ಪಟ್ಟಿಯ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು.

"ಇದು," ಎಂದಳು. "ಭಟ್ಟಿಗೆ ಹೋಗದೇ ಇದ್ದಿದ್ದು ಪೂರ್ತಿ ಒತ್ತಿದ ಮೇಲೆ ತನ್ನ ಎತ್ತರಕ್ಕೆ ವಾಪಸ್ ಬರಲ್ಲ. ಗಿಡ್ಡ ಆಗ್ತದೆ."

ದಿಗಂಬರ ಸಾಹೇಬರು ಅದನ್ನೆತ್ತಿ ತಳದಲ್ಲಿ ತಾವು ಮಾಡಿದ್ದ ಗುರುತು ತೋರಿಸಿದರು. "ಶಾಬ್ಬಾಸ್ ಪೋರಿ!" ಎಂದರು. ನಾನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದೆ. ನನ್ನ ವರ್ಕ್‌ಶಾಪು, ನನ್ನ ವೈಸು, ನನ್ನ ವಿದ್ಯಾರ್ಥಿನಿ! ಒಂದು ಮಗು ಪಾಸಾದರೆ ಸಾಕಿತ್ತಲ್ಲ. ಬೋರ್ಡಿನ ಅಕ್ಷರಗಳು ಹಾರಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

ಆಗ ನೀತಾ ಮೇಡಮ್ಮು ಒಂದು ಹಾಳೆ ತೆಗೆದರು. "ಯಶ್ಮಿತಾ, ಇಲ್ಲಿ ಕಲಿಸಿದವರ ಹೆಸರು ಬರೀಬೇಕವಾ. ಬೋರ್ಡಿಗೆ ಹೋಗೂದು ಇದ ಹೆಸರು."

ನಾನು ನಯವಾಗಿ ಬಗ್ಗಿ, "ಸಂಕಪ್ಪ ಅಂತ ಬರಿ ಮಗಾ. ಪ ಒತ್ತು ಮರೀಬ್ಯಾಡ" ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿಲ್ಲ, ಸೊಕ್ಕಿಲ್ಲ. "ಅಂಕಲ್, ಹನ್ನೆರಡು ವಾರದಲ್ಲಿ ನೀವು ನನಗೆ ಹೇಳಿದ್ದು ಒಂದೇ. ಹಿಂದೆ ಹೋಗು ಅಂತ."

ಬರೆದಳು: ಚನ್ನವೀರ.

ಮೂಲೆಯಲ್ಲಿದ್ದ ಚನ್ನವೀರನ ಕಡೆ ಎಲ್ಲರೂ ತಿರುಗಿದರು. ಆ ಮನುಷ್ಯ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಹೂಂ" ಎಂದ. ಒಂದೂವರೆ ಅಕ್ಷರ. ನಾನು ಒಂದು ಗಂಟೆ ಮಾತಾಡಿ ಸಂಪಾದಿಸಲಾಗದ್ದನ್ನು ಅವನು ಅಷ್ಟರಲ್ಲಿ ಸಂಪಾದಿಸಿದ್ದ. ಮೋಹನದಾಸನ ಮೇಲೆ ಇಷ್ಟು ದಿನ ಉರಿದದ್ದು ಏನೂ ಅಲ್ಲ. ಅವನು ರಸ್ತೆಯಾಚೆಯವನು. ಇವನು ಮೂವತ್ತು ವರ್ಷದಿಂದ ನನ್ನ ಬೆನ್ನ ಹಿಂದೆಯೇ ಇದ್ದವನು, ನನ್ನ ಚಹಾ ಕುಡಿದವನು!

ಹದಿನೈದು ದಿನದಲ್ಲಿ ಬೋರ್ಡ್ ಬಂತು. ಮೊದಲ ಹೆಸರು ಮೋಹನದಾಸ್. ಎಂಟನೆಯದು ಚನ್ನವೀರ, ಪಕ್ಕದಲ್ಲಿ 'ಸ್ಪ್ರಿಂಗ್ ಕೆಲಸ' ಎಂದು. ಪೇಂಟರ್ ನಾನು ಹೇಳಿದ ಅಳತೆಯಲ್ಲೇ ಬರೆದಿದ್ದ. ನಾನು ಗೇಟಿನ ಮುಂದೆ ನಿಂತು ಓದುತ್ತಿದ್ದಾಗ ಪಕ್ಕದಲ್ಲಿ ಬಿಳಿ ಅಂಗಿಯೊಂದು ಬಂದು ನಿಂತಿತು.

"ನಿಮ್ಮದ ಮ್ಯಾಲ ಅದಲ್ರಿ," ಎಂದೆ, ನೋಡದೆಯೇ.

"ಉಂಟು," ಎಂದ ಮೋಹನದಾಸ. ಅವನು ನೋಡುತ್ತಿದ್ದದ್ದು ಮೊದಲ ಹೆಸರನ್ನಲ್ಲ, ಎಂಟನೆಯದನ್ನು. "ಮನೆಯಲ್ಲಿ ಬೆಳಿಗ್ಗೆ ಚನ್ನವೀರ ಕಾಕಾ, ಮಧ್ಯಾಹ್ನ ಚನ್ನವೀರ ಕಾಕಾ. ನಾನು ಇಷ್ಟು ಮಕ್ಕಳಿಗೆ ಕಲಿಸಿದೆ ಸಂಕಪ್ಪಣ್ಣ. ನನ್ನ ಮಗಳು ಒಂದು ದಿನ ಆ ಟೋಪಿ ಹಾಕಲಿಲ್ಲ. ಕೇಳಿದರೆ, ಅಪ್ಪ, ನಿಮ್ಮ ಕೆಲಸ ಸಂಜೆಗೆ ಜನ ತಿಂದು ಮುಗಿಸ್ತಾರೆ, ಇದು ಒತ್ತಿದರೂ ವಾಪಸ್ ಬರ್ತದೆ ಅಂತಾಳೆ. ಎಂತ ಹೇಳುವುದು?"

ಅವನ ಮುಖ ನೋಡಿದೆ. ಆ ಮುಖವನ್ನು ನಾನು ಹನ್ನೆರಡು ವಾರ ಕನ್ನಡಿಯಲ್ಲಿ ನೋಡಿದ್ದೆ. ಅವತ್ತು ಮೊದಲ ಸಲ ಅವನ ಅಂಗಿಯ ತೋಳಿನ ಮೇಲೆ ಸಣ್ಣದೊಂದು ಸಾಂಬಾರಿನ ಕಲೆಯೂ ಕಂಡಿತು. ಹಳ್ಳದಷ್ಟು ದೊಡ್ಡದಿತ್ತು ಎಂದು ಆಮೇಲೆ ರುದ್ರವ್ವನಿಗೆ ಹೇಳಿದೆ.

"ಬರ್ರಿ, ಕಾಫಿ ಕುಡಿಸ್ರಿ," ಎಂದೆ. ಕುಡಿಸಿದ. ಇಬ್ಬರೂ ಕೂತು ಚನ್ನವೀರನನ್ನು ಮನಸಾರೆ ಬೈದೆವು. ಬೈಯಲು ಏನೂ ಸಿಗದೆ ಬೇಗ ಮುಗಿಯಿತು.

ಮುಂದಿನ ಶನಿವಾರ ಪರೀಕ್ಷೆ ಮುಗಿದಿದ್ದರೂ ಯಶ್ಮಿತಾ ಬಂದು ಹಿಂದೆ ಕೂತಿದ್ದಳು. ನಾನು ಸ್ವಲ್ಪ ಹೊತ್ತು ಕಚೇರಿಯಲ್ಲಿ ಕೂತೆ. ಗಿರಮಿಟ್ ಇಲ್ಲದ ಮೇಲೆ ನನ್ನ ಕಥೆ ಕೇಳಲು ಯಾರೂ ಇರಲಿಲ್ಲ. ಎದ್ದು ಹಿಂದೆ ಹೋದೆ. ಯಾರೂ 'ಹೋಗು' ಎನ್ನದೆ ನಾನೇ ಹೋದದ್ದು. ಮೂರನೇ ಸ್ಟೂಲ್ ಎಳೆದುಕೊಂಡು ಕೂತೆ.

"ಚನ್ನವೀರಾ, ತಂತಿ ಹೆಂಗ ಹಿಡಿಯೂದು, ತೋರಸು."

ಚನ್ನವೀರ ನನ್ನ ಕೈ ನೋಡಿದ. "ಮೊದಲ ಉಂಗುರ ತಗೀರಿ," ಎಂದ. ಒಂದೇ ಸಲಕ್ಕೆ ಮೂರು ಮಾತು! ಅಷ್ಟನ್ನು ಅವನು ನನ್ನ ಅಪ್ಪನ ಹತ್ತಿರವೂ ಆಡಿರಲಿಲ್ಲ.

ಏಳೂ ತೆಗೆದಿಟ್ಟೆ. ಸಂಜೆಯವರೆಗೆ ನಾಲ್ಕು ಸ್ಪ್ರಿಂಗ್ ಸುತ್ತಿದೆ. ಮೂರು ಕೈಯಿಂದ ಚಿಮ್ಮಿ ಓಡಿಹೋದವು, ಒಂದು ನಿಂತಿತು. ಪುಣೆ ಜಿಲ್ಲೆಯಲ್ಲಿ ಮೊದಲ ದಿನಕ್ಕೆ ಅಂಥ ಸ್ಪ್ರಿಂಗನ್ನು ಯಾರೂ ಸುತ್ತಿಲ್ಲ, ಬೇಕಾದರೆ ವಿಚಾರಿಸಿ. ಯಶ್ಮಿತಾ ಕೈ ತೊಳೆಯಲು ಹೋದಾಗ, ಅವಳು ಮಾಡಿಟ್ಟ ಇಪ್ಪತ್ತು ಸ್ಪ್ರಿಂಗಿನ ಸಾಲಿನ ನಡುವೆ ನನ್ನದನ್ನು ಮೆಲ್ಲಗೆ ಸೇರಿಸಿಟ್ಟೆ. ಯಾರಿಗೂ ಗೊತ್ತಾಗುವಂತಿರಲಿಲ್ಲ.

ಚನ್ನವೀರ ಬಂದ. ಬೇರೆ ಕಡೆ ನೋಡುತ್ತಲೇ ಸಾಲಿನ ಮೇಲೆ ಒಂದು ಸಲ ಬೆರಳಾಡಿಸಿ, ನನ್ನದನ್ನು ಎತ್ತಿ ಎಡಕ್ಕೆ ಇಟ್ಟ.

"ಹೂಂ," ಎಂದ.